ಮರಿಷ್ಯಮಾಣ ಮೀಮಾಂಸೆ ಅಥವಾ ಸಾವಿನ ಪೂರ್ವಸಿದ್ಧತೆಯ ಶಾಸ್ತ್ರಸಂಗ್ರಹ

ಯಾವುದೇ ಶಾಸ್ತ್ರವನ್ನು ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರ್ಣಯಿಸತಕ್ಕದ್ದೆಂಬ ಪೂರ್ವಸೂರಿಗಳ ಕಟ್ಟಳೆಯನ್ನು ಶಿರಸಾವಹಿಸಿ ನಿವೇದಿಸುವುದೇನೆಂದರೆ: ಈ ಶಾಸ್ತ್ರದ ವಿಷಯವು ಸಾವು, ಪ್ರಯೋಜನವು ಸಾಯುವವನೊಬ್ಬನನ್ನು ಬಿಟ್ಟು ಉಳಿದೆಲ್ಲರಿಗೂ ಉಂಟು, ಸಂಬಂಧವೆಂದರೆ ಮಗ, ಅಳಿಯ ಹಾಗೂ ನಿವೇಶನದ ಮೇಲೆ ಕಣ್ಣಿಟ್ಟ ದಾಯಾದಿ, ಅಧಿಕಾರಿಯಾದರೋ ಊಟಕ್ಕೆ ಹೋಗಿದ್ದಾನೆ, ಮೂರು ಗಂಟೆಯ ಮೇಲೆ ಬಂದು ವಿಚಾರಿಸತಕ್ಕದ್ದು.

ಮರಿಷ್ಯಮಾಣರೆಂದರೆ ಮುಂದೆ ಸಾಯತಕ್ಕವರು. ಈ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿಗಳೆಂಬ ದೋಷಗಳೆರಡೂ ಇಲ್ಲವೆಂಬುದನ್ನು ಪ್ರತಿವಾದಿಗಳೂ ಒಪ್ಪಿದ್ದಾರೆ. ಇವರು ಪಂಚವಿಧರು. ಮೊದಲನೆಯವನು ಪತ್ರಗೋಪ್ತೃ: 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೆಯ ಕಲಮು ವಿಧಿಸಿದಂತೆ ಇಬ್ಬರು ಸಾಕ್ಷಿಗಳ ರುಜು ಹಾಕಿಸಿ, ಉಯಿಲನ್ನು ಬೀರುವಿನೊಳಗಿಟ್ಟು, ಬೀಗದ ಕೈಯ ಸುಳಿವನ್ನು ಹೆಂಡತಿಗೂ ಕೊಡದೆ ತೀರಿಕೊಳ್ಳುವವನು. ಎರಡನೆಯವನು ನಾಮಿನಿಭ್ರಾಂತ: ಬ್ಯಾಂಕಿನ ಅರ್ಜಿಯಲ್ಲಿ ಕಿರಿಮಗನ ಹೆಸರು ಬರೆದೊಡನೆ ಠೇವಣಿಯೆಲ್ಲ ಅವನದೇ ಆಯಿತೆಂದು ನಂಬಿದವನು, ನಾಮಿನಿಯು ಹಣವನ್ನು ಪಡೆದು ವಾರಸುದಾರರ ಪರವಾಗಿ ಇಟ್ಟುಕೊಳ್ಳುವವನೇ ಹೊರತು ಒಡೆಯನಲ್ಲವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಸಾರಿದ್ದರೂ, ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲೇರಿದ ಮೇಲಲ್ಲದೆ ಈ ಸಿದ್ಧಾಂತವು ಮನೆಗೆ ಮುಟ್ಟುವುದಿಲ್ಲ. ಮೂರನೆಯವನು ಪೌತಿವಿಮುಖ: ಮುತ್ತಜ್ಜನ ಹೆಸರಿನಲ್ಲಿಯೇ ಉಳಿದ ಪಹಣಿಯನ್ನು ಮೊಮ್ಮಕ್ಕಳಿಗೆ ಬಿಟ್ಟುಹೋಗುವವನು, ಆ ಮೊಮ್ಮಕ್ಕಳು ವಂಶವೃಕ್ಷಕ್ಕಾಗಿ ನಾಡಕಚೇರಿಗೆ ಅಲೆದು ಪೌತಿ ಖಾತೆ ಆಗುವಷ್ಟರಲ್ಲಿ ತಾವೂ ಅದೇ ವೃಕ್ಷದ ಒಣಗಿದ ಕೊಂಬೆಗಳಾಗಿರುತ್ತಾರೆ. ನಾಲ್ಕು ಮತ್ತು ಐದನೆಯವರನ್ನು ವಿಸ್ತರಭಯದಿಂದ ಕೈಬಿಟ್ಟಿದೆ. ವಿಸ್ತರಭಯವೆಂಬುದು ನೆಪ, ಬೇಸರ ಬಂದಿದೆ.

ಪ್ರಧಾನ ಪ್ರಕರಣಕ್ಕೆ ಬರೋಣ. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳು, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಒಂದು ಅಂಗವೆಂದೂ, ಗುಣವಾಗದ ಸ್ಥಿತಿಯಲ್ಲಿ ಯಂತ್ರಗಳಿಂದ ಉಸಿರನ್ನು ಎಳೆಯಿಸಬೇಡಿರೆಂದು ಬುದ್ಧಿ ಸ್ವಸ್ಥವಾಗಿರುವಾಗಲೇ ಬರೆದಿಡಬಹುದೆಂದೂ ತೀರ್ಪಿತ್ತರು. ತೀರ್ಪು ಉದಾರ, ಆದರೆ ಅದರ ಪ್ರಯೋಗವಿಧಿಯು ಸೋಮಯಾಗವನ್ನೂ ನಾಚಿಸುವಂಥದು. ಪತ್ರಕ್ಕೆ ಇಬ್ಬರು ಸಾಕ್ಷಿಗಳು, ಅವರ ಮೇಲೆ ಮ್ಯಾಜಿಸ್ಟ್ರೇಟರ ಸಹಿ, ಜಿಲ್ಲಾ ನ್ಯಾಯಾಲಯಕ್ಕೊಂದು ಪ್ರತಿ, ಪಂಚಾಯಿತಿಗೊಂದು ಪ್ರತಿ. ಕಾಲ ಸನ್ನಿಹಿತವಾದಾಗ ಇಪ್ಪತ್ತು ವರ್ಷಗಳ ಅನುಭವವುಳ್ಳ ತಜ್ಞರ ಮಂಡಲಿ, ಅದರ ಮೇಲೆ ಜಿಲ್ಲಾಧಿಕಾರಿಯು ರಚಿಸತಕ್ಕ ಇನ್ನೊಂದು ಮಂಡಲಿ, ಕಟ್ಟಕಡೆಗೆ ಮ್ಯಾಜಿಸ್ಟ್ರೇಟರು ಸ್ವಯಂ ರೋಗಿಯ ಮಂಚದ ಬಳಿಗೆ ದಯಮಾಡಿಸಿ ಅನುಜ್ಞೆ ಕೊಡುವುದು. ಋತ್ವಿಜರೆಲ್ಲ ನೆರೆಯುವವರೆಗೆ ಯಜಮಾನನು ಕಾದಿರುತ್ತಾನೆಂಬ ಭರವಸೆಯು ಈ ವಿಧಿಗೆ ಎಲ್ಲಿಂದ ಬಂದಿತೋ ತಿಳಿಯದು. ಐದು ವರ್ಷಗಳ ತರುವಾಯ, 2023ರ ಜನವರಿಯಲ್ಲಿ, ನ್ಯಾಯಾಲಯವೇ ಈ ಯಾಗವನ್ನು ಸಂಕ್ಷೇಪಿಸಿತು: ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ರುಜುವಾದರೆ ಸಾಕು, ಐದು ವರ್ಷಗಳ ಅನುಭವ ಸಾಕು, ಮಂಡಲಿಗಳು ಸಾಧ್ಯವಾದಷ್ಟೂ 48 ಗಂಟೆಗಳೊಳಗೆ ಹೇಳಬೇಕು, ಮ್ಯಾಜಿಸ್ಟ್ರೇಟರಿಗೆ ತಿಳುವಳಿಕೆ ಕಳುಹಿಸಿದರಾಯಿತು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ತಮ್ಮ ಸಾವನ್ನು ತಾವೇ ನಿಶ್ಚಯಿಸಿ ಸನ್ಯಸನದಿಂದ ಮುಡಿಪಿದವರ ಶಾಸನಗಳು ಏಳನೆಯ ಶತಮಾನದಿಂದಲೂ ಉಂಟು. ಒಂದರ ಮೇಲೂ ನೋಟರಿಯ ಮುದ್ರೆಯಿಲ್ಲ. ಪುರಾತನರ ಕಾರ್ಯಶೈಥಿಲ್ಯವನ್ನು ಸಂಶೋಧಕರು ಗಮನಿಸಬೇಕು.

ಇಂತಹ ವಿಷಯದ ಮೇಲಣ ವಿಚಾರಸಂಕಿರಣವೊಂದರಲ್ಲಿ ಈ ಲೇಖಕನು ಒಮ್ಮೆ ಕುಳಿತಿದ್ದುಂಟು. ‘ಅಂತ್ಯಕಾಲೀನ ಸಮಗ್ರ ಆರೈಕೆಯ ಪೂರ್ವಾಯೋಜನಾತ್ಮಕ ಸಂವಾದ ಚೌಕಟ್ಟು’ ಎಂಬುದು ಪರದೆಯ ಮೇಲೆ ಬಾಣಗಳಿಂದಲೂ ವೃತ್ತಗಳಿಂದಲೂ ಶೋಭಿಸಿತು. ‘ಪಾಲುದಾರರು’, ‘ಫಲಾನುಭವಿಗಳು’, ‘ಸಬಲೀಕರಣ’ ಎಲ್ಲವೂ ಬಂದುಹೋದವು. ಬೆಳಗಿನಿಂದ ಊಟದ ಹೊತ್ತಿನವರೆಗೆ ಸಾವೆಂಬ ಮಾತು ಮಾತ್ರ ಯಾರ ಬಾಯಿಂದಲೂ ಹೊರಡಲಿಲ್ಲ. ಅದೇ ಊರಿನ ಆಸ್ಪತ್ರೆಗಳಲ್ಲಿ ಅದೇ ಹೊತ್ತಿಗೆ, ಐಸಿಯು ಬಾಗಿಲ ಹೊರಗೆ ನಿದ್ದೆಗೆಟ್ಟು ನಿಂತ ಯಾವನೋ ಮಗನ ಕೈಗೆ ಕಾಗದವೊಂದನ್ನು ಕೊಟ್ಟು, ‘ವೆಂಟಿಲೇಟರ್ ಹಾಕೋದಾ? ಬೇಗ ಹೇಳಿ’ ಎಂದು ಕೇಳುತ್ತಿದ್ದರು. ಬೇಡವೆಂದರೆ ಅಪ್ಪನನ್ನು ಕೊಂದವನು. ಹಾಕಿ ಎಂದರೆ ಹೊಲ ಮಾರಿದವನು. ಯಾವ ಚೌಕಟ್ಟೂ ಆ ಬಾಗಿಲವರೆಗೆ ಬರುವುದಿಲ್ಲ. ಇದನ್ನು ನೆನೆದಾಗ ಪರಿಹಾಸವು ನನಗೆ ಸಾಲದಾಗುತ್ತದೆ.

ಈ ಕಾನೂನೆಲ್ಲ ಯಾರ ದೇಹದ ಮೇಲಿಂದ ನಡೆದುಬಂದಿತೆಂಬುದನ್ನೂ ಹೇಳಬೇಕು. ಹೊನ್ನಾವರದ ಹತ್ತಿರದ ಹಳದೀಪುರದಿಂದ ಮುಂಬಯಿಗೆ ದಾದಿಯಾಗಿ ಹೋದ ಅರುಣಾ ಶಾನಭಾಗರು 1973ರ ನವೆಂಬರಿನಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ತಾವು ದುಡಿಯುತ್ತಿದ್ದ ಆಸ್ಪತ್ರೆಯಲ್ಲಿಯೇ ಪಶುವೊಬ್ಬನ ಕೈಗೆ ಸಿಕ್ಕಿ ಪ್ರಜ್ಞೆ ಕಳೆದುಕೊಂಡವರು 2015ರ ಮೇ ತಿಂಗಳವರೆಗೆ ಅಲ್ಲಿಯೇ ಮಲಗಿದ್ದರು. ಹೋಗಗೊಡಿರೆಂದು ಒಬ್ಬ ಲೇಖಕಿ ನ್ಯಾಯಾಲಯಕ್ಕೆ ಮೊರೆಯಿಟ್ಟರು; ಕೂಡದೆಂದು, ತಲೆಮಾರಿನಿಂದ ತಲೆಮಾರಿಗೆ ಆಕೆಗೆ ಉಣಿಸಿ ಮೀಯಿಸಿದ ದಾದಿಯರು ಎದುರು ನಿಂತರು. 2011ರಲ್ಲಿ ನ್ಯಾಯಾಲಯವು ದಾದಿಯರ ಮಾತನ್ನು ಮನ್ನಿಸಿತು. ಎರಡು ಕಡೆಯದೂ ಅಂತಃಕರಣವೇ. ಆಕೆಯ ಇಚ್ಛೆಯೇನೆಂಬುದನ್ನು ಹೇಳಬಲ್ಲವರು ಮಾತ್ರ ಒಬ್ಬರೂ ಇರಲಿಲ್ಲ.

ನಮ್ಮ ಮನೆಗಳಲ್ಲಿಯಾದರೋ ಹೇಳಬಲ್ಲವರು ದಿನವೂ ಹೇಳುತ್ತಲೇ ಇದ್ದಾರೆ. ಜಗಲಿಯ ಮೇಲೆ ಕುಳಿತು ‘ಕೈಕಾಲು ಗಟ್ಟಿಯಿರುವಾಗಲೇ ಹೋಗಿಬಿಡಬೇಕಪ್ಪ’ ಎಂದು ಅವರು ಬಾಯಿ ತೆರೆದರೆ, ‘ಬಿಡ್ತು ಅನ್ನು’ ಎಂದು ಗದರಿ ನಾವು ಅಲ್ಲಿಗೇ ತಡೆದುಬಿಡುತ್ತೇವೆ. ನನ್ನ ಸೋದರತ್ತೆಯನ್ನು ಒಮ್ಮೆ ಗದರದೆ ಕೇಳಿದ್ದಕ್ಕೆ, ಬಿಡಿಸುತ್ತಿದ್ದ ಅವರೆಕಾಯಿಯಿಂದ ಕಣ್ಣೆತ್ತದೆ, ‘ನಳಿಗೆ ಗಿಳಿಗೆ ಬ್ಯಾಡ ಕಣೋ, ನಡುಮನೇಲಿ ಮಲಗಿಸಿ. ಡಾಕ್ಟ್ರು ಕೇಳಿದ್ರೆ ಚಿಕ್ಕವನು ಮಾತಾಡಲಿ, ದೊಡ್ಡವನಿಗೆ ಧೈರ್ಯ ಸಾಲದು’ ಎಂದಳು.