ಬಜ್ಜಿಗೆ ಸಾಕ್ಷಿ ಜಿಪಿಎಸ್

"ಅಕ್ಕಾ, ನಮ್ಮನೆಯವರು ಸಿಕ್ಕಿಬಿದ್ರು! ಅವರ ಫೋನಿಗೆ ಗುಟ್ಟಾಗಿ ಹಾಕಿದ ಪತ್ತೇದಾರಿ ಆ್ಯಪ್ ನೋಡು. ನಿನ್ನೆ ರಾತ್ರಿ ಗಾಂಧಿ ಬಜಾರ್, ಲೇಡೀಸ್ ಬ್ಯೂಟಿ ಪಾರ್ಲರ್!"

"ಪಾರ್ಲರ್ ಮಹಡಿ ಮೇಲಲ್ವಾ? ಕೆಳಗೇನಿದೆ?"

"ಬಜ್ಜಿ ಅಂಗಡಿ."

"ಡಾಕ್ಟರ್ ಎಣ್ಣೆ ಪದಾರ್ಥ ಬಿಡಿಸಿದಾರಲ್ಲ, ಕದ್ದು ತಿಂದಿದಾರೆ. ಫೋನಿನ ಜಿಪಿಎಸ್ ಬಯಲಲ್ಲೇ ಐದು ಮೀಟರ್ ಆಚೀಚೆ ಕಣೇ. ಕಟ್ಟಡದ ಸಂದೀಲಿ ಇನ್ನೂ ಜಾಸ್ತಿ. ಅದಕ್ಕೆಲ್ಲಿ ಮಹಡಿ ಲೆಕ್ಕ?"

"ಮತ್ತೆ 'ಸಂಶಯ 87%' ಅಂತಿದೆ?"

"ಪೂರ್ತಿ ವರದಿಗೆ ಎಷ್ಟು?"

"499 ರೂಪಾಯಿ ಕಟ್ಬೇಕಂತೆ."

"ಹೂಂ. ಸಂಶಯ ಆ ಆ್ಯಪ್ ಮೇಲಿರಲಿ."

"ಕೇಸ್ ಹಾಕ್ತೀನಿ!"

"ಹಾಕು. ವ್ಯಭಿಚಾರ 2018ರಿಂದ ಅಪರಾಧವಲ್ಲ. ಕೇಳದೆ ಗಂಡನ ಫೋನಿಗೆ ಕನ್ನ ಹಾಕಿದ್ದಕ್ಕೆ ಮಾತ್ರ ಐಟಿ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲಿದೆ."

ತಂಗಿ ಫೋನನ್ನು ಸೆರಗಿನಡಿ ಸರಿಸಿದಳು. ಒಳಕೋಣೆಯಿಂದ ಉದ್ದನೆಯ ತೇಗು ಕೇಳಿಸಿತು. ಮೆಣಸಿನಕಾಯಿಯದೇ.