ಎತ್ತಿ ಕುಡಿಸುವ ಕಣ್ಣೀರು

ಕಣ್ಣಿಂದ ಬಳಬಳ ನೀರು ಸುರಿಸಿಕೊಂಡು ಹೋದ ನನ್ನನ್ನು ಕೂರಿಸಿ, ಯಂತ್ರದ ಆಚೆಯಿಂದ ಇಣುಕಿ ನೋಡಿ, ಡಾಕ್ಟರು "ನಿಮ್ಮ ಕಣ್ಣು ಒಣಗಿದೆ" ಎಂದರು. ಕೆರೆ ಕೋಡಿ ಬಿದ್ದಿರುವಾಗ ಬರಗಾಲ ಸಾರಿದ ಹಾಗಾಯಿತು. ನಾನು ಕರ್ಚೀಫು ಹಿಂಡುತ್ತಾ ಅವರ ಮುಖ ನೋಡಿದೆ. ಕಣ್ಣಿನ ಮೇಲೆ ಸದಾ ಹರಡಿರಬೇಕಾದ ತೆಳು ಪಸೆ ಆರಿದರೆ ಉರಿ ಶುರುವಾಗುತ್ತದಂತೆ. ಉರಿ ತಾಳದೆ ಕಣ್ಣು ನೀರು ಸುರಿಸುತ್ತದೆ. ಆ ನೀರು ಕೆನ್ನೆಗಿಳಿದು ಹೋಗುತ್ತದೆಯೇ ಹೊರತು ಪಸೆಯಾಗಿ ನಿಲ್ಲುವುದಿಲ್ಲ.

ನನ್ನ ಮಟ್ಟಿಗೆ ಕಾರಣ ಮೊಬೈಲು. ನಿಮಿಷಕ್ಕೆ 15–20 ಸಲ ಬಡಿಯಬೇಕಾದ ರೆಪ್ಪೆ ಪರದೆಯ ಮುಂದೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಎವೆಯಿಕ್ಕದಿರುವುದು ದೇವತೆಗಳ ಲಕ್ಷಣ, ಅದಕ್ಕೇ ಅವರನ್ನು ಅನಿಮಿಷರು ಎನ್ನುವುದು. ಆದರೆ ದೇವತೆಗಳು ರೀಲ್ಸ್ ನೋಡುತ್ತಿರಲಿಲ್ಲ.

ಡಾಕ್ಟರು ಹೇಳಿದ ಕೃತಕ ಕಣ್ಣೀರಿನ ಹನಿಯ ಹೆಸರು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಅದನ್ನು ಉಚ್ಚರಿಸುವಷ್ಟರಲ್ಲೇ ಕಣ್ಣು ತೇವವಾಯಿತು. ಮೆಡಿಕಲ್ ಶಾಪಿನ ಹುಡುಗ ನನ್ನ ಕಣ್ಣು ನೋಡಿ, "ಅದಕ್ಕಿಂತ ಇದು ಒಳ್ಳೇದು ಸಾರ್, ಎರಡೇ ನಿಮಿಷಕ್ಕೆ ಕೆಂಪು ಮಾಯ" ಎಂದು ಬೇರೊಂದು ಬಾಟಲಿ ಚಾಚಿದ. ಕೆಂಪು ತೆಗೆಯುವ ಹನಿ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ ಅಷ್ಟೆ. ರೂಢಿ ಮಾಡಿಕೊಂಡರೆ ಹಿಡಿತ ಸಡಿಲವಾದಾಗ ಕೆಂಪು ಬಡ್ಡಿ ಸಮೇತ ವಾಪಸು ಬರುತ್ತದೆ. ಮನೆಗೆ ಬಂದರೆ ಪಕ್ಕದ ಮನೆಯವರು ತಮ್ಮ ಮಾವನವರ ಪೊರೆ ಆಪರೇಷನ್ನಿನಲ್ಲಿ ಉಳಿದಿದ್ದ ಸ್ಟೀರಾಯ್ಡ್ ಹನಿ ಹಿಡಿದು ನಿಂತಿದ್ದರು. ಡಾಕ್ಟರ ಕಣ್ಗಾವಲಿಲ್ಲದೆ ಅದನ್ನು ವಾರಗಟ್ಟಲೆ ಹಾಕಿಕೊಂಡರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿಗೇ ಕುತ್ತು ಬರಬಹುದು. ಉಪ್ಪಿನಕಾಯಿ, ಹೆಪ್ಪಿನ ಮೊಸರು ಎಲ್ಲ ಕೊಟ್ಟು ತೆಗೆದುಕೊಳ್ಳುವ ಮನೆಗಳು ನಮ್ಮವು. ಇದೊಂದನ್ನು ಮಾತ್ರ ಕೈಮುಗಿದು ಹಿಂದಕ್ಕೆ ಕಳಿಸಿದೆ.

ಇನ್ನು ಪ್ರಯೋಗ. ಮೊದಲ ಹನಿ ಹಣೆಗೆ, ಎರಡನೆಯದು ಮೀಸೆಗೆ, ಮೂರನೆಯದು ಕಿವಿಯೊಳಕ್ಕೆ. "ಅಭಿಷೇಕ ಮುಗೀತೇನ್ರೀ?" ಎಂದಳು ಹೆಂಡತಿ. ಹನಿ ಇಳಿಯುವುದು ಕಂಡೊಡನೆ ಕಣ್ಣು ಬಾಗಿಲು ಹಾಕಿಕೊಳ್ಳುತ್ತಿತ್ತು. ಕೊನೆಗೆ ಬಾಟಲಿಯ ಮೂತಿಯನ್ನು ರೆಪ್ಪೆಗೇ ಒತ್ತಿಬಿಟ್ಟೆ.

"ಅಯ್ಯೋ, ಎಂಜಲು ಮಾಡಿದ್ರಲ್ಲ!"

ಥಟ್ಟನೆ ಅಜ್ಜಿ ನೆನಪಾದಳು. ಚೊಂಬನ್ನು ತುಟಿಗೆ ತಾಗಿಸಿದರೆ ಬೆನ್ನಿಗೊಂದು ಗುದ್ದು. "ಕಚ್ಚಿ ಕುಡೀಬೇಡ, ಎತ್ತಿ ಕುಡಿ!" ಕಣ್ಣಿಗೂ ಎತ್ತಿಯೇ ಕುಡಿಸಬೇಕು. ಮೂತಿ ರೆಪ್ಪೆಗೋ ಬೆರಳಿಗೋ ತಗುಲಿತೆಂದರೆ ಅಲ್ಲಿನ ಕ್ರಿಮಿ ಬಾಟಲಿಯೊಳಗೆ ಸಂಸಾರ ಹೂಡುತ್ತದೆ. ಬಾಟಲಿಯೊಳಗಿನ ಕ್ರಿಮಿಯನ್ನು ಹಗುರವಾಗಿ ನೋಡುವಂತಿಲ್ಲ: 2022–23ರಲ್ಲಿ ಅಮೆರಿಕದಲ್ಲಿ ಕೃತಕ ಕಣ್ಣೀರಿನ ನಂಟಿದ್ದ ಸೋಂಕಿನಿಂದ 14 ಮಂದಿ ದೃಷ್ಟಿ ಕಳೆದುಕೊಂಡರು, ನಾಲ್ವರು ತೀರಿಕೊಂಡರು.

ಈಗ ಪಳಗಿದ್ದೇನೆ. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಜೇಬಿನಂತೆ ಎಳೆದು ಒಂದೇ ಒಂದು ಹನಿ. ಕಣ್ಣಿಗೆ ಅಷ್ಟೇ ಜಾಸ್ತಿ, ಎರಡನೆಯದು ಕೆನ್ನೆಯ ಪಾಲು. ಆಮೇಲೆ ಒಂದು ನಿಮಿಷ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಹನಿ ಗಂಟಲಿಗೆ ಇಳಿಯುತ್ತದೆ. ಕಣ್ಣಿನ ಔಷಧಿಯ ರುಚಿ ನನಗೆ ಗೊತ್ತು. ಇದರಲ್ಲಿ ಒಂದೇ ತೊಂದರೆ: ದಿನಾ ತಾರಸಿ ನೋಡಿ ನೋಡಿ ಜೇಡರ ಬಲೆಯ ವಿಷಯ ಬಾಯಿಬಿಟ್ಟೆ, ಪೊರಕೆ ಕೈಗೆ ಬಂತು.

ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕೆನಿಸಿದರೆ ಕೆಡದಂತೆ ರಾಸಾಯನಿಕ ಬೆರೆಸಿದ್ದು ಬೇಡ, ಒಂದೇ ಸಲ ಬಳಸಿ ಬಿಸಾಡುವ ಪುಟ್ಟ ಕೊಳವೆಗಳು ಸಿಗುತ್ತವೆ, ಅವನ್ನು ತನ್ನಿ ಎಂದಿದ್ದಾರೆ ಡಾಕ್ಟರು. ಕಾಂಟ್ಯಾಕ್ಟ್ ಲೆನ್ಸಿನ ಮಗಳಿಗೆ ಬೇರೆ ನಿಯಮ: ಲೆನ್ಸ್ ತೆಗೆದು ಹನಿ ಹಾಕಿ, ಕಾಲು ಗಂಟೆ ಕಳೆದ ಮೇಲೆ ಮತ್ತೆ ಲೆನ್ಸ್. ನಿಜವಾದ ಜಗಳ ಎದ್ದದ್ದು ತಿಂಗಳ ಕೊನೆಗೆ. ನನ್ನ ಬಾಟಲಿಯನ್ನು ಬಿಚ್ಚಿದ ತಿಂಗಳಿಗೆ ಬಿಸಾಡಬೇಕು, ಅರ್ಧ ಉಳಿದಿದ್ದರೂ. ಅಮೃತಾಂಜನದ ಡಬ್ಬಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಮನೆಯಲ್ಲಿ ಇದನ್ನು ಒಪ್ಪಿಸುವುದು ಸುಲಭವೇ? ಕಸದ ಬುಟ್ಟಿಗೆ ಹಾಕಿದ್ದು ಎರಡು ಸಲ ಫ್ರಿಜ್ಜಿಗೆ ಮರಳಿತು. ಈಗ ಬಿಚ್ಚಿದ ತಾರೀಕನ್ನು ಬಾಟಲಿಯ ಮೇಲೇ ಬರೆಯುತ್ತೇನೆ, ಗಡುವು ಬಂದ ದಿನ ಹನಿಯನ್ನು ಸಿಂಕಿಗೆ ಸುರಿದೇ ಬಿಸಾಡುತ್ತೇನೆ.

ಕಣ್ಣು ನೊಂದರೆ, ಬೆಳಕು ಚುಚ್ಚಿದರೆ, ನೋಟ ಮಂಕಾದರೆ ಈ ಯಾವ ಹನಿಯನ್ನೂ ನಂಬಿ ಕೂರಬೇಡಿ, ಡಾಕ್ಟರ ಬಳಿ ಹೋಗಿ. ಇಲ್ಲಿಯವರೆಗೆ ಎವೆಯಿಕ್ಕದೆ ಓದಿದ್ದರೆ, ದಯವಿಟ್ಟು ಒಮ್ಮೆ ರೆಪ್ಪೆ ಬಡಿಯಿರಿ.