ತಳ ಕಾಣದ ಜಗಳ

ಫೈಲಿನಲ್ಲಿ ನಾಲ್ಕು ಸಾಲು ಟೈಪ್ ಮಾಡುವುದಕ್ಕೆ ವಿಐ ಎಂಬ ಎಡಿಟರ್ ಒಳ್ಳೆಯದೋ ಈಮ್ಯಾಕ್ಸ್ ಎಂಬ ಎಡಿಟರ್ ಒಳ್ಳೆಯದೋ ಎಂಬ ಜಗಳ ಇನ್ನೂ ಆರಿಲ್ಲ. ಎರಡೂ ಹುಟ್ಟಿದ್ದು 1976ರ ಆಸುಪಾಸಿನಲ್ಲಿ. ಇವತ್ತು ಎರಡಕ್ಕೂ ದುಡ್ಡು ಕೊಡಬೇಕಿಲ್ಲ, ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ ಯಾವ ಅಪಚಾರವೂ ಇಲ್ಲ. ಆದರೂ ಒಂದರ ಭಕ್ತ ಇನ್ನೊಂದನ್ನು ಮುಟ್ಟಲಾರ. ಈಮ್ಯಾಕ್ಸಿನ ಕರ್ತೃ ರಿಚರ್ಡ್ ಸ್ಟಾಲ್‌ಮನ್ ಅಂತೂ ನಿಲುವಂಗಿ ತೊಟ್ಟು, ಹಳೆಯ ಡಿಸ್ಕಿನ ತಟ್ಟೆಯೊಂದನ್ನು ಪ್ರಭಾವಳಿಯಂತೆ ತಲೆಗೇರಿಸಿಕೊಂಡು, ಈಮ್ಯಾಕ್ಸ್ ಪಂಥದ ಸಂತನ ವೇಷದಲ್ಲಿ ಸಭೆಗಳಿಗೆ ಆಶೀರ್ವಾದ ಮಾಡುತ್ತಿದ್ದರು. ತಮಾಷೆಗೇ ಸರಿ. ಆದರೆ ಈ ಜನರ ತಮಾಷೆ ಎಲ್ಲಿ ಮುಗಿದು ವ್ರತ ಎಲ್ಲಿ ಶುರುವಾಗುತ್ತದೆ ಎಂದು ಅವರ ಮನೆಯವರೂ ಹೇಳಲಾರರು.

ನಮ್ಮ ಕಾಂಪೌಂಡಿನ ಆಚೆಗಿರುವ ಅಂಕಲ್ಲಿಗೆ ಈ ಲೋಕದ ಪರಿಚಯವಾದದ್ದು ಮೊಮ್ಮಗನಿಂದ. ಅಂಕಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಇವತ್ತಿಗೂ ಮಿಕ್ಸಿ ಕೆಟ್ಟರೆ ಸಾಲ್ಡರಿಂಗ್ ಐರನ್ ಹಿಡಿದು ಕೂತುಬಿಡುತ್ತಾರೆ. ಮೊಮ್ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಓದುವುದಕ್ಕಿಂತ ಹೆಚ್ಚಾಗಿ ಆಪರೇಟಿಂಗ್ ಸಿಸ್ಟಮ್ ಬದಲಾಯಿಸುತ್ತಾನೆ.

"ಅಲ್ಲಮ್ಮ," ಅಂದರು ಅಂಕಲ್, ಗೋಡೆಯ ಮೇಲೆ ಮೊಣಕೈ ಊರಿ. "ಇವನು ನನ್ನ ಹಳೇ ಲ್ಯಾಪ್‌ಟಾಪಿಗೆ ಡೆಬಿಯನ್ ಅಂತ ಹಾಕ್ಕೊಟ್ಟಿದಾನೆ. ಸುಳ್ಳು ಯಾಕೆ ಹೇಳ್ಲಿ, ಚೆನ್ನಾಗೇ ಓಡತ್ತೆ. ಕನ್ನಡ ಪೇಪರೂ ಒತ್ತು, ದೀರ್ಘ ಎಲ್ಲ ಸರಿಯಾಗಿ ಕಾಣತ್ತೆ. ಆದ್ರೆ ವೈಫೈ ಇಲ್ಲ. ವೈರ್ ಎಳ್ಕೊಂಡು ಕೂತ್ಕೋಬೇಕು."

"ಬೇಕಂತಲೇ ಹಾಕಿಲ್ಲ ಅಕ್ಕ," ಅಂದ ಹುಡುಗ. "ಆ ಕಾರ್ಡಿನ ಫರ್ಮ್‌ವೇರ್ ಕ್ಲೋಸ್ಡ್. ಅದರೊಳಗೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ."

"ಅದರೊಳಗೆ ಏನಿದೆ ಅಂತ ನನಗೆ ಬೇಡ ಕಣೋ, ಪೇಪರಲ್ಲಿ ಏನಿದೆ ಅಂತ ಬೇಕು."

(ಅಕ್ಷರ ಸರಿಯಾಗಿ ಕಾಣುತ್ತದಲ್ಲ, ಅದಕ್ಕೂ ಯಾರೋ ಬೆವರು ಹರಿಸಿದ್ದಾರೆ. ಡೆಬಿಯನ್ನಿನ ಕನ್ನಡ ಫಾಂಟುಗಳ ಕಟ್ಟಿನಲ್ಲಿ ಬರುವ ಗುಬ್ಬಿ, ನವಿಲು ಎರಡೂ ಅರವಿಂದ ವಿ.ಕೆ. ಮತ್ತು ಗೆಳೆಯರ ಕೆಲಸ. ಇಂಥ ಕೆಲಸದ ಮೇಲೆ ಯಾರೂ ಜಗಳ ಕಾಯುವುದಿಲ್ಲ, ಹಾಗಾಗಿ ಮಾಡಿದವರ ಹೆಸರೂ ಹೊರಗೆ ಕೇಳುವುದಿಲ್ಲ.)

ಹುಡುಗ ಹಿಡಿದ ಹಟ ಅವನೊಬ್ಬನದಲ್ಲ. ಲಿನಕ್ಸ್ ಆಧರಿಸಿದ ಆಪರೇಟಿಂಗ್ ಸಿಸ್ಟಮ್ಮಾದ ಡೆಬಿಯನ್ನನ್ನು ಕಟ್ಟುವ ಬಳಗದಲ್ಲೇ ಇದು ವರ್ಷಗಟ್ಟಲೆ ಕುದಿದ ವಿಷಯ. ವೈಫೈ ಕಾರ್ಡ್, ಗ್ರಾಫಿಕ್ಸ್ ಕಾರ್ಡ್ ಇವುಗಳ ಒಳಗೂ ಒಂದೊಂದು ಪುಟ್ಟ ಪ್ರೊಸೆಸರ್ ಇರುತ್ತದೆ, ಅದಕ್ಕೆ ಅದರದೇ ಆದ ಪ್ರೋಗ್ರಾಂ ಬೇಕು, ಅದೇ ಫರ್ಮ್‌ವೇರ್. ಹಿಂದೆ ಅದನ್ನು ಕಾರ್ಡಿನ ಚಿಪ್ಪಿನಲ್ಲೇ ಸುಟ್ಟು ಕೊಡುತ್ತಿದ್ದರು. ಆಮೇಲೆ ಖರ್ಚು ಉಳಿಸಲು, ತಿದ್ದಲು ಸುಲಭವಾಗಲೆಂದು, ಕಂಪ್ಯೂಟರ್ ಏಳುವಾಗ ಆಪರೇಟಿಂಗ್ ಸಿಸ್ಟಮ್ಮೇ ಅದನ್ನು ಕಾರ್ಡಿಗೆ ಉಣಿಸುವ ಪದ್ಧತಿ ಬಂತು. ಪ್ರೋಗ್ರಾಂ ಕಂಪನಿಯದು, ಓದಿ ತಿದ್ದಲು ಬೇಕಾದ ಅದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಸಿಗುವುದಿಲ್ಲ. ಸೋರ್ಸ್ ಇಲ್ಲದ್ದನ್ನು ನಮ್ಮ ಡಿಸ್ಕಿನಲ್ಲಿ ಇಡುವುದಿಲ್ಲ ಅಂತ ಡೆಬಿಯನ್ ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ಅದನ್ನು ದೂರವಿಟ್ಟಿತ್ತು. ಹೊಸಬರು ಬಂದು, ವೈಫೈ ಇಲ್ಲದೆ ಒದ್ದಾಡಿ, ಬೇರೆ ಡಿಸ್ಟ್ರೋ, ಅಂದರೆ ಲಿನಕ್ಸಿನ ಬೇರೆ ಕಟ್ಟು, ಹುಡುಕಿಕೊಂಡು ಹೋಗುತ್ತಿದ್ದರು. ಕೊನೆಗೆ 2022ರಲ್ಲಿ ಮತಕ್ಕೆ ಹಾಕಿದರು. ಫರ್ಮ್‌ವೇರ್ ಸೇರಿಸಬಹುದು ಅಂತ ತೀರ್ಮಾನವಾಗಿ, 2023ರ ಜೂನಿನಲ್ಲಿ ಬಂದ ಹನ್ನೆರಡನೇ ಆವೃತ್ತಿಯಿಂದ ಅದು ಇನ್‌ಸ್ಟಾಲರಿನ ಜೊತೆಗೇ ಬರುತ್ತಿದೆ. ನಮ್ಮ ಹುಡುಗ ಹೊಸ ಆವೃತ್ತಿಯನ್ನೇ ತಂದು, ಅದರಿಂದ ಫರ್ಮ್‌ವೇರನ್ನು ಹುಡುಕಿ ಕಿತ್ತುಹಾಕಿದ್ದ.

ಅಂಕಲ್ ಎಲ್ಲ ಕೇಳಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. "ಅದೇ ಪ್ರೋಗ್ರಾಂ ಚಿಪ್ಪಲ್ಲಿ ಸುಟ್ಟಿದ್ರೆ ನೀನು ಸುಮ್ನಿರ್ತಿದ್ದಾ?"

"ಹಾಂ... ಅದು ಹಾರ್ಡ್‌ವೇರ್ ಥರ ಆಗೋಗತ್ತಲ್ಲ ತಾತ."

"ಅಂದ್ರೆ ಚಿಪ್ಪಲ್ಲಿದ್ರೆ ಮಡಿ, ಡಿಸ್ಕಲ್ಲಿದ್ರೆ ಮೈಲಿಗೆ!"

ಇಷ್ಟು ಚೊಕ್ಕವಾಗಿ ಈ ತರ್ಕವನ್ನು ಬಿಡಿಸಿಟ್ಟವರನ್ನು ನಾನು ಕಂಡಿಲ್ಲ. ಸ್ಟಾಲ್‌ಮನ್ನರು ಮುಕ್ತ ತಂತ್ರಾಂಶಕ್ಕೆಂದು ಕಟ್ಟಿದ ಸಂಸ್ಥೆಯ ನಿಲುವೂ ಹೆಚ್ಚು ಕಡಿಮೆ ಇದೇ. ಬದಲಾಯಿಸಲು ಬಾರದಂತೆ ಯಂತ್ರದಲ್ಲೇ ಕೂತಿದ್ದರೆ ಅದನ್ನು ಯಂತ್ರದ ಭಾಗವೆಂದು ಬಿಟ್ಟುಬಿಡಬಹುದು, ಬದಲಾಯಿಸಬಹುದಾದದ್ದಾದರೆ ಬದಲಾಯಿಸುವ ಹಕ್ಕು ಬಳಸುವವನಿಗೂ ಇರಬೇಕು. ತತ್ವದ ದೃಷ್ಟಿಯಿಂದ ಸರಿಯೇ. ಆದರೆ ಇದರ ಫಲ ಏನಾಯಿತೆಂದರೆ, ತಿದ್ದಲು ಬರುವ ಕಾರ್ಡಿಗಿಂತ ತಿದ್ದಲೇ ಬಾರದ ಕಾರ್ಡು ಹೆಚ್ಚು ಪವಿತ್ರವಾಗಿಬಿಟ್ಟಿತು.

ಸ್ಟಾಲ್‌ಮನ್ನರನ್ನು ಸುಮ್ಮನೆ ನಗೆಯಾಡಿ ಬಿಡುವಂತಿಲ್ಲ ಎಂಬುದೂ ನಿಜ. ಅವರ ಈ ಹುಚ್ಚಿನ ಬೇರಿನಲ್ಲಿರುವುದು ಒಂದು ಪ್ರಿಂಟರ್. 1980ರ ಸುಮಾರಿಗೆ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಉಡುಗೊರೆಯಾಗಿ ಬಂತು. ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರ ಪರದೆಗೂ ಸುದ್ದಿ ಹೋಗುವಂತೆ ಅವರು ಅದರ ಪ್ರೋಗ್ರಾಮನ್ನು ತಿದ್ದಿಟ್ಟಿದ್ದರು. ಪ್ರಿಂಟರ್ ಬೇರೆ ಮಹಡಿಯಲ್ಲಿತ್ತು, ಹತ್ತಿ ಹೋಗಿ ನೋಡಿದ ಮೇಲೆ ಏನೂ ಅಚ್ಚಾಗಿಲ್ಲ ಅಂತ ತಿಳಿಯುವ ಗೋಳು ಅದರಿಂದ ತಪ್ಪಿತ್ತು. ಹೊಸದಕ್ಕೂ ಹಾಗೇ ಮಾಡೋಣವೆಂದರೆ ಸೋರ್ಸ್ ಕೋಡೇ ಇಲ್ಲ. ಕಾರ್ನೆಗಿ ಮೆಲನ್ನಿನಲ್ಲಿ ಒಬ್ಬರ ಹತ್ತಿರ ಇದೆ ಅಂತ ಗೊತ್ತಾಗಿ ಕೇಳಿದರೆ, ಯಾರಿಗೂ ಕೊಡುವುದಿಲ್ಲ ಅಂತ ಕಂಪನಿಗೆ ಬರೆದುಕೊಟ್ಟಿದ್ದೇನೆ ಅಂದರಂತೆ. ಆ ಸಿಟ್ಟು ಬೆಳೆದು 1983ರಲ್ಲಿ, ಯಾರು ಬೇಕಾದರೂ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನು ಯೋಜನೆಯಾಯಿತು, 1989ರಲ್ಲಿ, ತಿದ್ದಿ ಹಂಚುವವನು ಸೋರ್ಸನ್ನೂ ಕೊಡಬೇಕೆನ್ನುವ ಜಿಪಿಎಲ್ ಪರವಾನಗಿಯಾಯಿತು. ಕಾಗದ ಸಿಕ್ಕಿಕೊಂಡದ್ದಕ್ಕೆ ಇಷ್ಟು ದೊಡ್ಡ ಸಂಸಾರ ಕಟ್ಟಿದವರು ಇನ್ನೊಬ್ಬರಿಲ್ಲ.

"ಅದು ಸರಿಯಾದ ಸಿಟ್ಟೇ," ಅಂದರು ಅಂಕಲ್. "ನಮ್ಮ ಕಾಲದಲ್ಲಿ ರೇಡಿಯೋ ತಗೊಂಡ್ರೆ ಹಿಂದಿನ ಮುಚ್ಚಳದ ಒಳಗೆ ಸರ್ಕ್ಯೂಟ್ ಡಯಾಗ್ರಾಂ ಅಂಟಿಸಿರ್ತಿದ್ರು."

ಹುಡುಗನಿಗೆ ಹುರುಪು ಬಂತು. ನನಗೂ ಬಂತು ಅನ್ನಿ, ಯಾಕೆಂದರೆ ನನಗೆ ಅಚ್ಚುಮೆಚ್ಚಿನ ಜಗಳ ಇನ್ನೊಂದಿದೆ. 1992ರ ಜನವರಿಯದು. ಆಮ್‌ಸ್ಟರ್‌ಡಾಮಿನ ಪ್ರೊಫೆಸರ್ ಆಂಡ್ರ್ಯೂ ಟ್ಯಾನೆನ್‌ಬಾಮ್ ಪಾಠ ಹೇಳುವುದಕ್ಕಾಗಿ ಮಿನಿಕ್ಸ್ ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆದು 1987ರಲ್ಲಿ ಪುಸ್ತಕದೊಂದಿಗೆ ಹೊರತಂದಿದ್ದರು. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದರ ಮೇಲೆ ಕೈ ಪಳಗಿಸಿಕೊಂಡು 1991ರಲ್ಲಿ ತನ್ನದೇ ಲಿನಕ್ಸ್ ಶುರುಮಾಡಿದ. ಪ್ರೊಫೆಸರಿಗೆ ಅದು ಹಿಡಿಸಲಿಲ್ಲ. ಲಿನಕ್ಸ್ ಆಗಲೇ ಹಳಸಲು ಅಂತ ಎಲ್ಲರೆದುರು ಘೋಷಿಸಿದರು.

ಅವರ ಆಕ್ಷೇಪ ಎರಡು. ಮೊದಲನೆಯದನ್ನು ಅಂಕಲ್ಲಿಗೆ ಹೀಗೆ ಹೇಳಿದೆ: ಲಿನಕ್ಸಿನ ಕರ್ನಲ್, ಅಂದರೆ ಅದರ ತಿರುಳು, ಒಂದು ಅವಿಭಕ್ತ ಕುಟುಂಬ. ಡಿಸ್ಕ್ ನೋಡಿಕೊಳ್ಳುವವನು, ಕೀಬೋರ್ಡ್ ನೋಡಿಕೊಳ್ಳುವವನು, ಫೈಲುಗಳ ಲೆಕ್ಕ ಇಡುವವನು ಎಲ್ಲ ಒಂದೇ ಸೂರಿನಡಿ, ಒಂದೇ ಅಡುಗೆಮನೆ. ಕೆಲಸ ಬೇಗ ಆಗುತ್ತದೆ, ಆದರೆ ಒಬ್ಬ ಕೆಟ್ಟರೆ ಇಡೀ ಮನೆ ಮಲಗುತ್ತದೆ. ಮಿನಿಕ್ಸಿನದು ಪಾಲಾದ ಮನೆ. ಒಬ್ಬೊಬ್ಬರೂ ಬೇರೆ ಬೇರೆ, ಏನು ಬೇಕಾದರೂ ಚೀಟಿ ಕಳಿಸಿ ಕೇಳಬೇಕು. ನಿಧಾನ, ಆದರೆ ಒಬ್ಬನ ರೋಗ ಇನ್ನೊಬ್ಬನಿಗೆ ಅಂಟದು.

"ಎರಡೂ ಅನುಭವಿಸಿದೀನಿ," ಅಂದರು ಅಂಕಲ್. ಯಾವುದು ವಾಸಿ ಅಂತ ಮಾತ್ರ ಹೇಳಲಿಲ್ಲ, ಕಿಟಕಿಯ ಹತ್ತಿರ ಆಂಟಿ ಇದ್ದರು.

ಎರಡನೆಯ ಆಕ್ಷೇಪ ಹಾರ್ಡ್‌ವೇರಿನದು. ಲಿನಕ್ಸ್ ಇಂಟೆಲ್ 386 ಚಿಪ್ಪಿಗೆ ತೀರಾ ಅಂಟಿಕೊಂಡಿದೆ, ಆ ಜಾತಿಯ ಚಿಪ್ಪುಗಳ ಕಾಲ ಮುಗಿಯುತ್ತ ಬಂತು, ಐದು ವರ್ಷದಲ್ಲಿ ಎಲ್ಲರ ಮೇಜಿನ ಮೇಲೂ ಸ್ಪಾರ್ಕ್‌ನಂಥ, ಸರಳ ಸೂಚನೆಗಳ ರಿಸ್ಕ್ ಜಾತಿಯ ಚಿಪ್ಪಿನ ಯಂತ್ರ ಇರುತ್ತದೆ ಎಂದು ಪ್ರೊಫೆಸರ್ ಭವಿಷ್ಯ ನುಡಿದರು. ನೀನು ನನ್ನ ವಿದ್ಯಾರ್ಥಿಯಾಗಿದ್ದರೆ ಇಂಥ ವಿನ್ಯಾಸಕ್ಕೆ ಒಳ್ಳೆಯ ಅಂಕ ಸಿಗುತ್ತಿರಲಿಲ್ಲ ಅಂತಲೂ ಚುಚ್ಚಿದರು. ಇಪ್ಪತ್ತೆರಡರ ಹುಡುಗ ಬಿಸಿ ಬಿಸಿಯಾಗಿ ತಿರುಗೇಟು ಕೊಟ್ಟ, ಆಮೇಲೆ ಮಾತು ಅತಿಯಾಯಿತು ಅಂತ ಕ್ಷಮೆಯನ್ನೂ ಕೇಳಿದ. ಐದು ವರ್ಷ ಹೋಗಲಿ, ಅಂಕಲ್ಲಿನ ಲ್ಯಾಪ್‌ಟಾಪಿನಲ್ಲಿ ಇವತ್ತೂ ಇರುವುದು ಆ 386ರ ವಂಶದ ಚಿಪ್ಪೇ. ಮೂಲ 386ನ್ನು ಲಿನಕ್ಸ್ 2013ರ 3.8ನೇ ಆವೃತ್ತಿಯಲ್ಲಿ ತಾನೇ ಕೈಬಿಟ್ಟಿತು. ಇತ್ತ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಚಿಪ್ಪು ರಿಸ್ಕ್ ಜಾತಿಯದು, ಅದರ ಮೇಲೆ ಓಡುವುದು ಲಿನಕ್ಸ್. ಪ್ರೊಫೆಸರ್ ಹೇಳಿದ ಯಂತ್ರ ಬಂತು, ಹುಡುಗನ ಪ್ರೋಗ್ರಾಂ ಹೊತ್ತುಕೊಂಡು ಬಂತು.

"ಹಾಗಾದ್ರೆ ಹುಡುಗ ಗೆದ್ದ ಅನ್ನು."

ಎಲ್ಲರೂ ಹಾಗೇ ಅಂದುಕೊಂಡಿದ್ದರು, 2017ರವರೆಗೆ. ಇಂಟೆಲ್ ಯಂತ್ರಗಳಲ್ಲಿ ಮುಖ್ಯ ಪ್ರೊಸೆಸರಿನ ಜೊತೆಗೆ ಮ್ಯಾನೇಜ್‌ಮೆಂಟ್ ಇಂಜಿನ್ ಎಂಬ ಇನ್ನೊಂದು ಗುಪ್ತ ಕಂಪ್ಯೂಟರ್ ಇದೆ. ನೀವು ಲ್ಯಾಪ್‌ಟಾಪ್ ಆರಿಸಿದರೂ ಬೋರ್ಡಿಗೆ ವಿದ್ಯುತ್ ಇರುವ ತನಕ ಅದು ಎಚ್ಚರವಾಗಿರುತ್ತದೆ, ನಿಮ್ಮ ಆಪರೇಟಿಂಗ್ ಸಿಸ್ಟಮ್ಮಿಗೆ ಅದರ ಮೇಲೆ ಹಿಡಿತವಿಲ್ಲ. ಸಂಶೋಧಕರು ಅದನ್ನು ಬಗೆದು ನೋಡಿದರೆ, 2015ರ ನಂತರದ ಯಂತ್ರಗಳಲ್ಲಿ ಅದರೊಳಗೆ ಕೂತಿದ್ದದ್ದು ಮಿನಿಕ್ಸ್! ಪ್ರೊಫೆಸರಿಗೇ ಗೊತ್ತಿರಲಿಲ್ಲ. ಹಿಂದೊಮ್ಮೆ ಕಂಪನಿಯವರು ಮಿನಿಕ್ಸಿನ ಬಗ್ಗೆ ತಾಂತ್ರಿಕ ಪ್ರಶ್ನೆ ಕೇಳಿದ್ದರಂತೆ, ಯಾತಕ್ಕೆ ಅಂತ ಹೇಳಿರಲಿಲ್ಲ. ಮಿನಿಕ್ಸನ್ನು 2000ದಲ್ಲೇ ಬಿಎಸ್‌ಡಿ ಪರವಾನಗಿಯಡಿ ಬಿಟ್ಟುಕೊಟ್ಟಿದ್ದರಿಂದ, ಹೇಳದೆ ಬಳಸುವುದಕ್ಕೂ ಬದಲಾವಣೆಗಳನ್ನು ಮುಚ್ಚಿಡುವುದಕ್ಕೂ ಕಂಪನಿಗೆ ಹಕ್ಕಿತ್ತು. ಟ್ಯಾನೆನ್‌ಬಾಮ್ ಒಂದು ಬಹಿರಂಗ ಪತ್ರ ಬರೆದರು. ಥ್ಯಾಂಕ್ಸ್ ಹೇಳಿದರು, ಒಂದು ಮಾತು ತಿಳಿಸಿದ್ದರೆ ಸೌಜನ್ಯವಿರುತ್ತಿತ್ತು ಅಂದರು. ಇಂಟೆಲ್ ಕಂಪ್ಯೂಟರುಗಳಲ್ಲಿ ಬಹುಶಃ ಅತಿ ಹೆಚ್ಚು ಓಡುತ್ತಿರುವ ಆಪರೇಟಿಂಗ್ ಸಿಸ್ಟಮ್ ನನ್ನದೇ ಅಂತ ಮೀಸೆಯನ್ನೂ ತಿರುವಿದರು.

ಅಂದರೆ ಲಿನಕ್ಸ್ ಹಾಕಿಕೊಂಡು ಬೀಗುವವನ ಯಂತ್ರದಲ್ಲೂ ಲಿನಕ್ಸಿನ ಕೆಳಗೆ, ಸೋತ ಮಿನಿಕ್ಸ್ ಬೀಗ ಹಾಕಿದ ಕೋಣೆಯಲ್ಲಿ ಕೂತಿದೆ. ಈ ಜಗಳಗಳ ಸ್ವಾರಸ್ಯವೇ ಇದು ಅಂತ ನನಗೆ ಅನ್ನಿಸುವುದು. ಮೇಲಿನದನ್ನು ತೆರೆದ ಕೂಡಲೇ ಬೀಗ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತದೆ. ಗ್ರಾಫಿಕ್ಸ್ ಕಾರ್ಡಿನ ಕಥೆ ನೋಡಿ. 2012ರಲ್ಲಿ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದಲ್ಲಿ ಲಿನಕ್ಸಿಗೆ ಸಹಕಾರ ಕೊಡುತ್ತಿಲ್ಲವೆಂದು ಲಿನಸ್ ಕ್ಯಾಮೆರಾ ಮುಂದೆಯೇ ಎನ್‌ವಿಡಿಯಾ ಕಂಪನಿಗೆ ನಡುಬೆರಳು ತೋರಿಸಿದರು. ಹತ್ತು ವರ್ಷದ ಮೇಲೆ, 2022ರ ಮೇ ತಿಂಗಳಲ್ಲಿ, ಆ ಕಂಪನಿ ಕಾರ್ಡನ್ನು ನಡೆಸುವ ತನ್ನ ಕರ್ನಲ್ ಡ್ರೈವರಿನ ಸೋರ್ಸ್ ಬಿಡುಗಡೆ ಮಾಡಿತು. ಹಬ್ಬ ಮಾಡಿದವರು ಒಳಗೆ ಇಣುಕಿದರೆ, ಕೆಲಸದ ಬಹುಪಾಲು ಕಾರ್ಡಿನೊಳಗಿನ ಇನ್ನೊಂದು ಪ್ರೊಸೆಸರಿಗೆ ವರ್ಗವಾಗಿತ್ತು. ಅದರ ಫರ್ಮ್‌ವೇರ್ ಕ್ಲೋಸ್ಡ್.

ಹಟಮಾರಿಗಳು ಹಟ ಮಾಡದಿದ್ದರೆ ಕೆಳಗೆ ಇಣುಕುವವರೇ ಇರುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು. ಅವರ ಜೊತೆ ಊಟಕ್ಕೆ ಕೂರುವುದು ಕಷ್ಟ, ಅಷ್ಟೇ.

"ಯಂತ್ರವನ್ನೇ ಓಪನ್ ಆಗಿ ಮಾಡ್ಬೇಕಪ್ಪ," ಅಂದರು ಅಂಕಲ್. "ನಮ್ಮೂರಲ್ಲೇ ಮಾಡಿದ್ರಲ್ಲ, ಸಿಂಪ್ಯೂಟರ್."

ಹುಡುಗ ಆ ಹೆಸರೇ ಕೇಳಿರಲಿಲ್ಲ. ನನಗೆ ಕೊಂಚ ಬೇಜಾರಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಸಾಫ್ಟ್‌ವೇರಿನವರು ಸೇರಿ ರೂಪಿಸಿದ ಅಂಗೈ ಕಂಪ್ಯೂಟರ್ ಅದು. ಒಳಗೆ ಲಿನಕ್ಸ್. ಕೀಬೋರ್ಡ್ ಇಲ್ಲ, ಪರದೆಯ ಮೇಲೆ ಕಡ್ಡಿಯಿಂದ ಒತ್ತಬೇಕು. ಓದು ಬಾರದವರಿಗೆ ಕನ್ನಡ, ಹಿಂದಿಯಂಥ ಭಾಷೆಗಳಲ್ಲಿ ಓದಿ ಹೇಳಲಿ ಎಂದು ಧ್ವನಿ ತಂತ್ರಾಂಶ. ಊರಿಗೆಲ್ಲ ಒಂದೇ ಇದ್ದರೂ, ಸ್ಮಾರ್ಟ್ ಕಾರ್ಡ್ ತೂರಿಸಿ ಅವರವರ ಲೆಕ್ಕ ಅವರವರು ತೆಗೆದುಕೊಳ್ಳುವ ಏರ್ಪಾಡು. ಎಲ್ಲಕ್ಕಿಂತ ಮುಖ್ಯವಾಗಿ ಹಾರ್ಡ್‌ವೇರ್ ವಿನ್ಯಾಸಕ್ಕೂ ಜಿಪಿಎಲ್ ಮಾದರಿಯ ಪರವಾನಗಿ ಬರೆದಿದ್ದರು. ನಕ್ಷೆ ತೆಗೆದುಕೊಂಡು ಸುಧಾರಿಸಿ ಮಾರಿದವನು, ಸ್ವಲ್ಪ ಕಾಲ ಅದರ ಲಾಭ ಉಂಡ ಮೇಲೆ, ಸುಧಾರಣೆಯನ್ನು ಸಿಂಪ್ಯೂಟರ್ ಟ್ರಸ್ಟಿಗೆ ಒಪ್ಪಿಸಬೇಕು. ಸಾಫ್ಟ್‌ವೇರಿನವರು ಅಕ್ಷರದಲ್ಲಿ ಮಾಡಿದ್ದನ್ನು ತಾಮ್ರ, ಸಿಲಿಕಾನಿನಲ್ಲಿ ಮಾಡಹೊರಟದ್ದು ದೊಡ್ಡ ಧೈರ್ಯವೇ. 2001ರಲ್ಲಿ ವಿಜ್ಞಾನ ಕಥೆಗಾರ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸಿನಲ್ಲಿ ಆ ವರ್ಷದ ಮಹತ್ವದ ಕಂಪ್ಯೂಟರ್ ಇದು ಅಂತ ಬರೆದರು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಎಂಬ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು, ಕೈಯಲ್ಲಿ ಹಿಡಿದು ವಾಲಿಸಿದರೆ ಅದಕ್ಕೆ ತಿಳಿಯುತ್ತಿತ್ತು. ಆಮೇಲೆ ಎಲ್ಲರ ಫೋನಿಗೂ ಬಂದ ಗುಣ. ಆದರೆ ಮಾರಾಟವಾದದ್ದು ಕೆಲವೇ ಸಾವಿರ. ಕೋಡನ್ನು ಪ್ರತಿ ಮಾಡಲು ಖರ್ಚಿಲ್ಲ, ಯಂತ್ರದ ಪ್ರತಿಯೊಂದು ಪ್ರತಿಗೂ ದುಡ್ಡು ಸುರಿಯಬೇಕು. ಲಕ್ಷಗಟ್ಟಲೆ ಮಾಡದೆ ಬೆಲೆ ಇಳಿಯದು, ಬೆಲೆ ಇಳಿಯದೆ ಲಕ್ಷಗಟ್ಟಲೆ ಹೋಗದು. ಸುಮಾರು ಹತ್ತು ಸಾವಿರ ರೂಪಾಯಿ ಕೊಡುವಷ್ಟಿದ್ದ ಜನ ಮೊಬೈಲ್ ಫೋನಿನ ಕಡೆ ತಿರುಗಿದ್ದರು.

"ಈಗ ರಿಸ್ಕ್-ಫೈವ್ ಇದೆ," ಅಂದ ಹುಡುಗ, ಸೋಲೊಪ್ಪದೆ. ಬರ್ಕ್ಲಿಯಲ್ಲಿ 2010ರಲ್ಲಿ ಶುರುವಾದ, ಯಾರು ಬೇಕಾದರೂ ಬಳಸಬಹುದಾದ ಪ್ರೊಸೆಸರ್ ಸೂಚನಾ ಪಟ್ಟಿ ಅದು. ಮದ್ರಾಸ್ ಐಐಟಿಯವರು ಅದರ ಮೇಲೆ ಶಕ್ತಿ ಪ್ರೊಸೆಸರ್ ಕಟ್ಟಿ ವಿನ್ಯಾಸವನ್ನೂ ಬಹಿರಂಗ ಮಾಡಿದ್ದಾರೆ. 2018ರಲ್ಲಿ ಅದರ ಮೊದಲ ಚಿಪ್ಪುಗಳನ್ನು ಎರಕ ಹೊಯ್ದದ್ದು ಮಾತ್ರ ಅಮೆರಿಕದಲ್ಲಿ, ಇಂಟೆಲ್ ಕಾರ್ಖಾನೆಯಲ್ಲಿ.

"ನಕ್ಷೆ ನಿಂದು, ಮನೆ ಕಟ್ಟಿದವನು ಅವನು," ಅಂದರು ಅಂಕಲ್. "ಕಟ್ಟುವಾಗ ನಡುವೆ ಇನ್ನೇನಾದ್ರೂ ಸೇರಿಸಿದ್ರೆ ಹೇಗೆ ತಿಳಿಯತ್ತೆ?"

ಹುಡುಗ ಇದಕ್ಕೂ ತಯಾರಾಗಿದ್ದ. ಆಂಡ್ರ್ಯೂ ಹುವಾಂಗ್ ಎಂಬ ಇಂಜಿನಿಯರ್ ಇದಕ್ಕೊಂದು ಉಪಾಯ ಹುಡುಕಿದ್ದಾರೆ. ಸಿಲಿಕಾನ್ ಅತಿಗೆಂಪು ಬೆಳಕಿಗೆ ಪಾರದರ್ಶಕ. ಬೆನ್ನು ತೆರೆದಿರುವ ಚಿಪ್ಪಿನ ಮೇಲೆ ಆ ಬೆಳಕು ಬಿಟ್ಟು ಕ್ಯಾಮೆರಾ ಹಿಡಿದರೆ, ಒಂದೊಂದು ಟ್ರಾನ್ಸಿಸ್ಟರ್ ಕಾಣದಿದ್ದರೂ, ಒಳಗಿನ ಬಡಾವಣೆಗಳು ಎಲ್ಲೆಲ್ಲಿ ಎಷ್ಟೆಷ್ಟಿವೆ ಅಂತ ಕಾಣುತ್ತದೆ, ನಕ್ಷೆಯೊಡನೆ ತಾಳೆ ನೋಡಬಹುದು. ಹುಡುಗ ಆಗಲೇ ಕ್ಯಾಮೆರಾದ ಬೆಲೆ ವಿಚಾರಿಸಿ, ತಾತನ ಪಿಂಚಣಿಯ ಮೇಲೆ ಕಣ್ಣಿಟ್ಟಿದ್ದ.

ಅಂಕಲ್ ಒಂದು ನಿಮಿಷ ಗಲ್ಲ ಕೆರೆದುಕೊಂಡರು.

"ಕೊಡಿಸ್ತೀನಿ," ಅಂದರು. "ಮೊದ್ಲು ಇಷ್ಟು ಹೇಳು, ಆ ಕ್ಯಾಮೆರಾದ ಫರ್ಮ್‌ವೇರ್ ಓಪನ್ನಾ?"